ನೇರಳೆ ಬಿಲ್ಲೆ

ಮಾರ್ಚ್ 3
ಮತ್ತೆ ಅದೇ ರೈಲು ಶಾಟ್. ರೈಲು ಕಂಪ್ಯೂಟರಿನದು, ಹಿಂದಿನ ಸೂರ್ಯನೂ ಕಂಪ್ಯೂಟರಿನದು. ಕ್ಯಾಮೆರಾ ಕಂಡೇ ಇಲ್ಲದ ಸೂರ್ಯ. ಅದಕ್ಕೇ ಎಷ್ಟು ತಿದ್ದಿದರೂ ಸುಳ್ಳು ಸುಳ್ಳೇ. ನಿಜವಾದ ಲೆನ್ಸಿಗೆ ಬಿಸಿಲು ಬಡಿದರೆ ಒಳಗಿನ ಗಾಜಿನಿಂದ ಗಾಜಿಗೆ ಪುಟಿದು ಬೆಳಕಿನ ಬಿಲ್ಲೆಗಳು ಸಾಲಾಗಿ ಮೂಡುತ್ತವೆ. ಫ್ಲೇರ್. ಲೆನ್ಸಿನ ದೋಷ ಅದು. ಆ ದೋಷವನ್ನು ಕೈಯಾರೆ ಬರೆಯುವುದೇ ಹದಿನೆಂಟು ವರ್ಷದಿಂದ ನನ್ನ ಹೊಟ್ಟೆಪಾಡು.

ಮಧ್ಯಾಹ್ನ ಸ್ಟುಡಿಯೋಗೆ ಅಕ್ಕ ಬಂದಳು, ಲೆನ್ಸ್ ಪೆಟ್ಟಿಗೆ ಎದೆಗವಚಿಕೊಂಡು. ಇಡೀ ಸಿನಿಮಾ ಅವಳು ಶೂಟ್ ಮಾಡಿದ್ದು ಈ ಹಳೇ ಲೆನ್ಸಿನಲ್ಲೇ.

"ನಿನ್ನ ರೆಡಿಮೇಡ್ ಫ್ಲೇರ್ ಹಾಕಿದ್ಯೋ, ನಾನು ಸುಮ್ನಿರಲ್ಲ. ಇದರದ್ದೇ ಬೇಕು ನಂಗೆ."

"ಆಯ್ತಕ್ಕ. ಅಳತೆ ತಗೋತೀನಿ. ಇಟ್ಟು ಹೋಗು."

"ಹುಷಾರು. ಮಗು ಥರ ನೋಡ್ಕೋ."

ನನ್ನ ಮಗಳನ್ನೂ ಅವಳು ಇಷ್ಟು ಜೋಪಾನವಾಗಿ ಎತ್ತಿಕೊಂಡಿರಲಿಲ್ಲ.

ಮಾರ್ಚ್ 4
ಲೆನ್ಸಿನ ಮುಂದಿನ ಗಾಜಿನ ಮೇಲೆ ಹೆಬ್ಬೆರಳಗಲ ಮಬ್ಬು. ಬಟ್ಟೆಗೆ ಎರಡು ಹನಿ ಕ್ಲೀನಿಂಗ್ ಲಿಕ್ವಿಡ್ ಹಾಕಿ ಒರೆಸಿದೆ. ಹೋಗಲಿಲ್ಲ. ಒತ್ತಿ ಉಜ್ಜಿದೆ. ಹೋಯಿತು. ಮನೆ ಗುಡಿಸಿದಷ್ಟು ಸಮಾಧಾನ.

ಮಾರ್ಚ್ 5
ಪರದೆಗಳನ್ನೆಲ್ಲ ಮುಚ್ಚಿ ಹಗಲನ್ನೇ ಕತ್ತಲೆ ಮಾಡಿಕೊಂಡೆ. ಸ್ಟ್ಯಾಂಡಿನ ಮೇಲೆ ಪುಟ್ಟ ಟಾರ್ಚು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಗೇಣು ಗೇಣಾಗಿ ಸರಿಸುವುದು, ಪ್ರತಿ ಸಲವೂ ಒಂದು ಚಿತ್ರ. ಯಾವ ಜಾಗದ ಬೆಳಕಿಗೆ ಯಾವ ಬಿಲ್ಲೆ ಎಲ್ಲಿ ಏಳುತ್ತದೆ — ಆ ನಕ್ಷೆ ಸಿಕ್ಕರೆ ಕಂಪ್ಯೂಟರಿನ ಸೂರ್ಯನಿಗೂ ಅದೇ ಬಿಲ್ಲೆಗಳನ್ನು ಕೊಡಬಹುದು.

ಅಕ್ಕ ನಿಜವಾದ ಬಿಸಿಲಲ್ಲಿ ತೆಗೆದ ಶಾಟಿನ ಪಕ್ಕದಲ್ಲಿಟ್ಟು ನೋಡಿದೆ. ಅವಳದರಲ್ಲಿ ಏಳು ಬಿಲ್ಲೆ, ಮೂರನೆಯದು ನೇರಳೆ. ನನ್ನದರಲ್ಲೂ ಏಳು. ಮೂರನೆಯದು ಬಿಳಿ.

ಟಾರ್ಚ್ ಬದಲಿಸಿದೆ. ಕ್ಯಾಮೆರಾ ಬದಲಿಸಿದೆ. ಬಿಳಿ.

ಸಂಜೆ ಲೆನ್ಸನ್ನು ಕಿಟಕಿಗೆ ಹಿಡಿದು ಓರೆ ಮಾಡಿದೆ. ಗಾಜಿನ ತುಂಬ ನೇರಳೆ ಹೊಳಪು, ಒಂದು ಕಡೆ ಬಿಟ್ಟು. ಹೆಬ್ಬೆರಳಗಲ. ಅಲ್ಲಿ ಆ ಬಣ್ಣ ಕೊಡುವ ಲೇಪನ ಎದ್ದುಹೋಗಿ ಬರೀ ಗಾಜು.

ಹಳೇ ಲೆನ್ಸುಗಳ ಲೇಪನ ಮೆತ್ತಗೆ. ಊದಿ, ಉಜ್ಜಬೇಡಿ — ಹೊಸಬರಿಗೆ ಮೊದಲ ದಿನ ನಾನೇ ಹೇಳುವ ಪಾಠ.

ಮಾರ್ಚ್ 9
ಅಕ್ಕ ಪರೀಕ್ಷೆಯ ಚಿತ್ರ ನೋಡಿದಳು. ಒಂದೇ ನೋಟ.

"ನೇರಳೆ ಎಲ್ಲಿ?"

ಬಾಯಿ ತೆರೆದೆ. ನಿಜವಾಗಿ ತೆರೆದೆ. ಅವಳಾಗಲೇ ಲೆನ್ಸನ್ನು ಬೆಳಕಿಗೆ ಹಿಡಿದಿದ್ದಳು.

"ಟೇಪಣ್ಣನ ಕೆಲಸ ಇದು! ಪ್ಯಾಕ್ ಮಾಡುವಾಗ ಉಜ್ಜಿದಾನೆ."

ಟೇಪಣ್ಣ ಅವಳ ಫೋಕಸ್ ಪುಲ್ಲರ್. ನಟರಿಂದ ಲೆನ್ಸಿಗೆ ಎಷ್ಟು ದೂರ ಎಂದು ಅಳೆದು ಫೋಕಸ್ ತಿರುಗಿಸುವವರು. ಕೊರಳಲ್ಲಿ ಯಾವಾಗಲೂ ಟೇಪು, ಅದಕ್ಕೇ ಆ ಹೆಸರು. ಇಪ್ಪತ್ತೆರಡು ವರ್ಷದಿಂದ ಅಕ್ಕನ ಜೊತೆಗಿದ್ದಾರೆ.

"ಅವರು ಹಾಗೆ ಮಾಡೋರಲ್ಲ ಅಕ್ಕ."

"ಮತ್ಯಾರು? ನೀನಾ?"

ನಕ್ಕಳು. ನಾನೂ ನಕ್ಕೆ.

ಮಾರ್ಚ್ 10
ಕಂಪ್ಯೂಟರಿನ ಸೂರ್ಯ ಇರುವುದು ಒಟ್ಟು ಮೂವತ್ತೊಂದು ಶಾಟ್. ಒಂದೊಂದರಲ್ಲೂ ಮೂರನೇ ಬಿಲ್ಲೆಗೆ ಕೈಯಿಂದ ನೇರಳೆ ತುಂಬಿಸಬೇಕು. ಫ್ರೇಮಿನಿಂದ ಫ್ರೇಮಿಗೆ. ಯಾರೂ ಹೇಳಿಲ್ಲ. ನಾನೇ ವಿಧಿಸಿಕೊಂಡದ್ದು.

ಏಪ್ರಿಲ್ 2
ಮುಗಿಯಿತು. ಅಕ್ಕ ಬೆನ್ನು ತಟ್ಟಿದಳು. "ಲೆನ್ಸಿಗೂ ವ್ಯತ್ಯಾಸ ಗೊತ್ತಾಗಲ್ಲ ಬಿಡು!"

ಟೇಪಣ್ಣ ಹೇಗಿದ್ದಾರೆ ಎಂದೆ.

"ಮುಂದಿನ ಪಿಕ್ಚರ್‌ಗೆ ಬೇರೆಯವನನ್ನ ಹಾಕ್ಕೊಂಡಿದೀನಿ."

ಮನೆಗೆ ಬಂದು ಕವಿತೆಯ ಪುಸ್ತಕ ತೆರೆದೆ. ಎರಡು ಸಾಲು ಓದಿ ಮುಚ್ಚಿದೆ. ನಿಜ ನುಂಗಿದ ಬಾಯಿಗೆ ಏನೂ ರುಚಿಸುವುದಿಲ್ಲ.

ಜೂನ್ 17
ಕೊನೆಗೂ ಹೋದೆ. ವಿಳಾಸ ಹುಡುಕಿದರೆ — ಕಿಟಕಿ ಪರದೆಗಳ ಅಂಗಡಿ. ಬಟ್ಟೆಯ ರೋಲುಗಳ ನಡುವೆ ಟೇಪಣ್ಣ.

"ಅರೆ, ಚಿಕ್ಕ ಮೇಡಂ! ಅಲ್ಲೂ ಪರದೆ, ಇಲ್ಲೂ ಪರದೆ. ಇಲ್ಲಿ ಬೈಯೋ ಡೈರೆಕ್ಟರ್ ಇಲ್ಲ, ಅಷ್ಟೇ."

ನಗಲಾಗಲಿಲ್ಲ. ಲೆನ್ಸಿನ ಮಾತೆತ್ತಿದೆ.

"ಅಕ್ಕೋರು ಬೈದಿದ್ದು ಸರಿ ಮೇಡಂ. ಕೊನೇ ದಿನ ವಿಪರೀತ ಧೂಳು. ಉಜ್ಜಿದ ನೆನಪಿಲ್ಲ ನಂಗೆ. ಆದ್ರೆ ನಾನಲ್ದೆ ಇನ್ಯಾರು ಮುಟ್ತಾರೆ ಅದನ್ನ? ಉಜ್ಜಿರಬೇಕು." ಟೇಪನ್ನು ಬೆರಳಿಗೆ ಸುತ್ತುತ್ತ ನಿಂತರು. "ಮಾಡಿದ್ದೇ ನೆನಪಿಲ್ಲ ಅಂದ್ರೆ, ಇನ್ನು ಈ ಕೈ ನಂಬಿ ಕ್ಯಾಮೆರಾ ಮುಟ್ಟೋದು ಹೇಗೆ? ಇಬ್ಬರು ಕರೆದ್ರು. ನಾನೇ ಒಲ್ಲೆ ಅಂದೆ."

ಅವರ ಕೆಲಸ ಕಳೆದೆ ಎಂದುಕೊಂಡಿದ್ದೆ. ಕಳೆದದ್ದು ಅವರ ಕೈಯನ್ನು.

ಹೇಳಬೇಕಿತ್ತು. ಅಷ್ಟಕ್ಕೇ ಹೋಗಿದ್ದು. ಅವರು ಕೇಳಿದರು, "ಏನ್ ಬೇಕಿತ್ತು ಮೇಡಂ?" ಎಂದು. ನಮ್ಮ ಮನೆಯ ಕಿಟಕಿಗೆ ಪರದೆ ಎಂದೆ. ಬಟ್ಟೆ ಆರಿಸಿದೆ. ಬಣ್ಣದ ಬಗ್ಗೆ ಚರ್ಚೆ ಮಾಡಿದೆ! ಥೂ, ನನ್ನ ಜನ್ಮಕ್ಕಿಷ್ಟು.

ಜೂನ್ 20, ಬೆಳಿಗ್ಗೆ 8
ಹತ್ತಕ್ಕೆ ಟೇಪಣ್ಣ ಅಳತೆಗೆ ಬರುತ್ತಾರೆ. ಹನ್ನೊಂದಕ್ಕೆ ಅಕ್ಕನನ್ನೂ ಕರೆದಿದ್ದೇನೆ. "ಏನಾಯ್ತೇ? ದನಿ ಯಾಕೆ ಹಿಂಗಿದೆ?" ಎಂದಳು. ಬಾ, ಹೇಳ್ತೀನಿ ಎಂದೆ. ಇಬ್ಬರಿಗೂ ಒಟ್ಟಿಗೇ ಹೇಳುವುದು. ಅಕ್ಕ ಕೂಗಾಡುತ್ತಾಳೆ. ಕೂಗಾಡಲಿ. ಮತ್ತೆಂದೂ ನನ್ನ ಕೈಗೆ ಲೆನ್ಸ್ ಕೊಡುವುದಿಲ್ಲ. ಕೊಡದಿರಲಿ.

10:20
ಅಡುಗೆಮನೆಯಲ್ಲಿ ನಿಂತೇ ಬರೆಯುತ್ತಿದ್ದೇನೆ. ಹಾಲ್‌ನಲ್ಲಿ ಸ್ಟೂಲಿನ ಮೇಲೆ ಟೇಪಣ್ಣ. ಸೆಟ್‌ನಲ್ಲಿ ಅವರನ್ನು ನೋಡಿದ್ದೇನೆ — ಒಂದು ಸಲ ಟೇಪು ಎಳೆದರೆ ಮುಗಿಯಿತು, ಮತ್ತೆ ನೋಡುತ್ತಿರಲಿಲ್ಲ.

"ನಾಲ್ಕಡಿ ಎರಡಿಂಚು," ಅಂದರು. ಚೀಟಿಯಲ್ಲಿ ಗೀಚಿದ ಸದ್ದು. ಮತ್ತೆ ಟೇಪು ಎಳೆದ ಸದ್ದು. "ನಾಲ್ಕಡಿ... ಎರಡು. ಹೂಂ, ಎರಡೇ."

ಅದೇ ಕಿಟಕಿ. ಮತ್ತೆ ಎಳೆಯುತ್ತಿದ್ದಾರೆ. ಮೂರನೇ ಸಲ.

ಅಕ್ಕ ಬರಲು ಇನ್ನೂ ನಲವತ್ತು ನಿಮಿಷ. ಇಲ್ಲ, ಕಾಯುವುದಿಲ್ಲ. ಈಗಲೇ, ಮೊದಲು ಅವರೊಬ್ಬರಿಗೇ —