ಭುವನಾನ ಕಪ್ಪು ಹಲ್ಲು

ರೀ,

ನಾ ಡ್ಯೂಟಿಗೆ ಹೊಂಟೇನಿ. ನಿಮ್ಮನ್ನ ಎಬ್ಬಿಸಿದ್ರ ಜಗಳ ಆಗ್ತಿತ್ತು, ಅದಕ್ಕ ಬರದಿಟ್ಟೇನಿ.

ಇವತ್ತ ಅಂಗಡಿ ಸೂಟಿ, ಭುವನಾನ್ನ ನೀವ ನೋಡ್ಕೋರಿ. ಮೆತ್ತಗ ಕಲಸಿದ ಅನ್ನ ಕೊಡ್ರಿ, ರೊಟ್ಟಿ ಬ್ಯಾಡ. ಆ ಕಪ್ಪಾದ ಹಲ್ಲನ್ನ ಉಪ್ಪು, ಇದ್ದಲಿ ಹಚ್ಚಿ ತಿಕ್ಕಬ್ಯಾಡ್ರಿ. ಸಣ್ಣ ಬ್ರಷ್‌ನಿಂದ ಮೆಲ್ಲಕ ಉಜ್ಜರಿ. ಒಸಡು ಬಾತರ ಲಗೂ ಫೋನ್ ಹಚ್ಚರಿ.

ನಿನ್ನೆ ಹಲ್ಲಿನ ಡಾಕ್ಟರ್ ನೋಡಿ, "ಇದಕ್ಕ ಹುಳುಕು ಹಿಡದಿಲ್ಲ, ಪೆಟ್ಟು ಬಿದ್ದೈತಿ. ಕೂಸು ಯಾವಾಗ ಬಿದ್ದಿತ್ತು?" ಅಂದ್ರು. ಬಿದ್ದೇ ಇಲ್ಲರಿ ಅಂದೆ. ಭುವನಾನೇ ಬಾಯಿ ಬಿಟ್ಟಳು: "ಪಪ್ಪಾನ ಅಂಗಡ್ಯಾಗ ತಕ್ಕಡಿ ಮ್ಯಾಲೆ ಬಿದ್ದೆ."

ನಿಮ್ಮ ಬ್ಯಾಡಗಿ ಅಂಗಡಿಯಿಂದ ಆಕಿ ತುಟಿ ಬಾತುಕೊಂಡು ಬಂದ ದಿನ ನೀವು ಏನಂದ್ರಿ? ಮೆಣಸಿನಕಾಯಿ ಮುಟ್ಟಿದ ಕೈ ಬಾಯಿಗೆ ಹಚ್ಚಿಕೊಂಡಾಳ ಅಂದ್ರಿ. ನಾ ಖರೇ ಅಂತ ನಂಬಿ ಬೆಣ್ಣಿ ಹಚ್ಚಿದೆ.

ಹಲ್ಲು ಕಪ್ಪಾದಾಗ, ರಾತ್ರಿ ಬೆಲ್ಲದ ಹಾಲು ಕುಡಿಸಿ ಕೆಡಿಸಿದ್ರಿ ಅಂತ ನಿಮ್ಮವ್ವಾರಿಗೆ ಬಾಯಿಗೆ ಬಂದಂಗ ಅಂದೆ. ನೀವು ಅಲ್ಲೇ ಕುಂತು ಉಣ್ಣಾಕತ್ತಿದ್ರಿ.

ಈಗ ಅವರ ಕಾಲು ಮುಟ್ಟಿ ತಪ್ಪಾತು ಅಂದೆ. "ಕೂಸು ಬಿದ್ದದ್ದನ್ನ ಅವ ನನಗ ಅವತ್ತ ಹೇಳಿದ್ದವ್ವಾ. ನಿಮ್ಮಿಬ್ಬರೊಳಗ ಜಗಳ ಬ್ಯಾಡಂತ ಬಾಯಿ ಮುಚ್ಚಿಕೊಂಡೆ" ಅಂದ್ರು.

ಮಧ್ಯಾಹ್ನ ನಿಮಗ ಅವರೇ ಊಟ ನೀಡತಾರ. ಗಂಟಲಾಗ ಹೆಂಗ ಇಳೀತೈತಿ ನೋಡ್ರಿ.

ಶ್ರೀದೇವಿ