ಕೆರೆಯ ಆಳ ಹೇಳಿದವರು ಯಾರು?

ಮಂಗಳವಾರ, ಮಾರ್ಚ್ ೧೨

ಸಂಜೆಯಿಂದ ಒಂದೇ ಅಂಕಿ ತಲೆ ಕೊರೆಯುತ್ತಿದೆ: ನಲವತ್ತೆರಡು ಅಡಿ.

ಲೈಬ್ರರಿಗೆ ಬೀಗ ಹಾಕಿ ಕೆರೆ ದಾರಿಯಲ್ಲಿ ಬರುತ್ತಿದ್ದೆ. ಯಾರೋ ಪ್ರವಾಸಿ ಅಂಗಿ ಬಿಚ್ಚಿ, ದೋಣಿಯಿಂದ ತಲೆಕೆಳಗಾಗಿ ಧುಮುಕಲು ನಿಂತಿದ್ದ.

"ಹಾರಿ ಸಾರ್, ನಲವತ್ತೆರಡು ಅಡಿ ಆಳ ಇದೆ. ಫೋನಲ್ಲೇ ಹಾಕಿದ್ದಾರೆ," ಎಂದ ದೋಣಿಯವನು.

ಯಾರು ಬೇಕಾದರೂ ತಿದ್ದಬಹುದಾದ ಆ ಆನ್‌ಲೈನ್ ವಿಶ್ವಕೋಶಕ್ಕೆ ಆ ಅಂಕಿ ಹಾಕಿದವಳು ನಾನೇ. ನಾಲ್ಕು ವರ್ಷದ ಹಿಂದೆ, ಅಪ್ಪನ ಮಾತು ನಂಬಿ. "ಹಾರಬೇಡಿ!" ಎಂದು ಕಿರುಚಿಬಿಟ್ಟೆ. ಇಬ್ಬರೂ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು; ಪ್ರವಾಸಿ ಮಾತ್ರ ಹಾರಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದೆ, "ಅಪ್ಪಾ, ಕೆರೆ ಆಳ ನಿಂಗೆ ಯಾರು ಹೇಳಿದ್ದು?"

"ಇನ್ಯಾರು, ನಮ್ಮ ಕೆರೆ ದೋಣಿಯವನೇ. ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರತ್ತೆ?"

ನಗಬೇಕೋ ಅಳಬೇಕೋ. ಕೂಡಲೇ ಅಂಕಿ ಅಳಿಸಿದೆ. ಐದೇ ನಿಮಿಷದಲ್ಲಿ ಯಾರೋ ಮತ್ತೆ ಹಾಕಿದರು, ಪತ್ರಿಕೆಯೊಂದರ ಆಧಾರ ಕೊಟ್ಟು. ತೆರೆದು ನೋಡಿದರೆ ಆ ವರದಿಯಲ್ಲಿರುವುದು ವಿಶ್ವಕೋಶದಿಂದ ನಕಲು ಮಾಡಿದ ನನ್ನವೇ ವಾಕ್ಯಗಳು!

ನಾಳೆ ದೋಣಿಯವನನ್ನು ಕೂರಿಸಿಕೊಂಡೇ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ ಅಳೆಯಬೇಕು. ನಾವು ಅಳೆದದ್ದನ್ನು ವಿಶ್ವಕೋಶದವರು ಒಪ್ಪುವುದಿಲ್ಲ, ಅಚ್ಚಾದ ಆಧಾರವೇ ಬೇಕು. ಇರಲಿ, ನನಗಾದರೂ ಗೊತ್ತಾಗಲಿ. ಆದರೆ ಅಂಗಡಿಯಲ್ಲಿ ಎಷ್ಟು ಅಡಿ ಹಗ್ಗ ಕೇಳಲಿ?