ಟೈ ಬಿದ್ದರೆ ಎಂಟು ಬೀಜ

ಜನವರಿ ೮, ಸೋಮವಾರ. ಸಂಜೆ ೫

ಕಾಲು ಬಿಸಿನೀರಿನ ಬಕೆಟ್ಟಿನಲ್ಲಿ. ಬೆಳಗಿನ ಪಾಳಿ. ಇಡೀ ದಿನ ಕ್ಯಾಸಿನೊದಲ್ಲಿ ಬಕಾರಾ ಇಸ್ಪೀಟಿನ ಮೇಜು. ಇಪ್ಪತ್ತೆರಡು ವರ್ಷದಿಂದ ಇದೇ — ಎಲೆ ಹಂಚು, ಸೋತವರ ಚಿಪ್ಸ್ ಎಳೆದುಕೋ, ಗೆದ್ದವರಿಗೆ ಎಣಿಸಿ ಕೊಡು. ಮಕಾವಿನಲ್ಲಿ ಹುಟ್ಟಿದವನಿಗೆ ಇನ್ಯಾವ ಕೆಲಸ ಸಿಗಬೇಕು!

ತಿಂಡಿ ತಿಂದು ಏಳುವಾಗ ಕೈ ತಟ್ಟಿ ಅಂಗೈ ಮೇಲೆತ್ತಿ ತೋರಿಸಿದೆ. ಮೇಜು ಬಿಟ್ಟೇಳುವಾಗ ಕ್ಯಾಮೆರಾಕ್ಕೆ ಹೀಗೆ ತೋರಿಸಬೇಕು, ಏನೂ ಕದ್ದಿಲ್ಲ ಅಂತ. ಮನೆಯಲ್ಲೂ ಬಿಡದ ಚಾಳಿ.

"ಗೊತ್ತಾಯ್ತು ಕಣಯ್ಯ, ಚಮಚ ಕದ್ದಿಲ್ಲ," ಅಂದಳು ಮುಯಿ. ಮದುವೆಯಾಗಿ ಇಪ್ಪತ್ತೈದು ವರ್ಷ. ಈ ಒಂದಕ್ಕೆ ಇನ್ನೂ ಹೊಸದಾಗಿ ನಗುತ್ತಾಳೆ.

ಜನವರಿ ೯

ನಿನ್ನೆಯ ನಗು ಸುಮ್ಮನೆ ಅಲ್ಲ. ಇವತ್ತು ಬಾಯಿ ಬಿಟ್ಟಳು. ಮಾರ್ಕೆಟ್ ಬೀದಿಯಲ್ಲಿ ಕ್ವಾನ್ ಆಂಟಿಯ ಮಳಿಗೆ ಖಾಲಿಯಾಗುತ್ತಿದೆ. ಮುಯಿಗೆ ಅಲ್ಲಿ ಗಂಜಿ ಅಂಗಡಿ ಇಡಬೇಕು. ಹನ್ನೊಂದು ವರ್ಷ ಬೇರೆಯವರ ಅಡುಗೆಮನೆಯಲ್ಲಿ ಸೌಟು ತಿರುಗಿಸಿ ಕೂಡಿಸಿದ್ದು ನಲವತ್ತು ಸಾವಿರ. ಆಂಟಿ ಕೇಳುವ ಅಡ್ವಾನ್ಸ್ ಎಂಬತ್ತು. ಬೆಳಿಗ್ಗೆ ಮಾತ್ರ ಸಾಕು, ಮಧ್ಯಾಹ್ನದ ಮೇಲೆ ನೂಡಲ್ಸ್ ಮಾರುವವಳಿಗೆ ಬಿಟ್ಟುಕೊಡುತ್ತೇನೆ ಅಂದರೆ ನಲವತ್ತೇ ಸಾಕಂತೆ.

"ಅರ್ಧ ಅಂಗಡಿನಾ? ನಾನೇನು ಅರ್ಧ ಮನುಷ್ಯಳಾ?"

ಸರಿ, ಏನು ಮಾಡ್ತೀಯ? ಅಂದೆ.

"ಮುಂದಿನ ತಿಂಗಳು ನಮ್ಮ ಚೀನೀ ಹೊಸ ವರ್ಷ ಬರತ್ತಲ್ಲ, ಅದರ ಎರಡನೇ ದಿನ ಕ್ಯಾಸಿನೊಗೆ ಹೋಗೋಣ. ಐದು ಸಾವಿರ ಟೈ ಮೇಲೆ, ಅದೇ ಆಟ ಸಮ ಬೀಳೋದರ ಮೇಲೆ, ಇಡೋಣ. ಒಂದಕ್ಕೆ ಎಂಟು ಕೊಡ್ತಾರಂತಲ್ಲ, ನಲವತ್ತಾಯ್ತು!"

ನಾವು ನೌಕರರು ಕೆಲಸದ ಹೊತ್ತು ಬಿಟ್ಟು ಕ್ಯಾಸಿನೊಗೆ ಕಾಲಿಡುವಂತಿಲ್ಲ. ಹೊಸ ವರ್ಷದ ಮೊದಲ ಮೂರು ದಿನ ಮಾತ್ರ ಬಿಡುತ್ತಾರೆ. ಅದನ್ನೂ ಲೆಕ್ಕ ಹಾಕಿ ಇಟ್ಟುಕೊಂಡಿದ್ದಾಳೆ.

"ಟೈ ಬೀಳದೇ ಇದ್ರೆ?"

"ಇನ್ನೈದು ಇಡೋದು. ಎಂಟು ಸಲ ಇದೆಯಲ್ಲ."

ಹೀಗೆ ಹೇಳಿಕೊಂಡು ಕೂತವರನ್ನು ದಿನಾ ನೋಡುತ್ತೇನೆ. ಎದ್ದು ಹೋಗುವಾಗ ಅವರ ಮುಖವನ್ನೂ ನೋಡುತ್ತೇನೆ. ಮುಯಿಯ ಮುಖ ಹಾಗಾಗುವುದು ಬೇಡ.

ಜನವರಿ ೧೦

ಬಾಯಲ್ಲಿ ಹೇಳಿ ನೋಡಿದೆ. ಬ್ಯಾಂಕರ್ ಒಂದು ಕಡೆ, ಪ್ಲೇಯರ್ ಇನ್ನೊಂದು ಕಡೆ, ಒಂಬತ್ತಕ್ಕೆ ಹತ್ತಿರ ಬಂದವರದು ಗೆಲುವು. ಎರಡೂ ಸಮ ಬಂದರೆ ಟೈ. ನೂರು ಆಟದಲ್ಲಿ ಒಂಬತ್ತೋ ಹತ್ತೋ ಸಲ ಟೈ ಬರುತ್ತದೆ. ನ್ಯಾಯವಾಗಿ ಒಂದಕ್ಕೆ ಒಂಬತ್ತೂವರೆ ಕೊಡಬೇಕು. ಕೊಡುವುದು ಎಂಟು. ನಡುವಿನದು ಮನೆಯ ಪಾಲು; ಕ್ಯಾಸಿನೊವನ್ನು ನಾವು ಮನೆ ಅನ್ನುತ್ತೇವೆ. ನೂರು ಇಟ್ಟರೆ ಹದಿನಾಲ್ಕು ಕ್ಯಾಸಿನೊ ತಿನ್ನುತ್ತದೆ. ಮೋಸವಿಲ್ಲ, ಕೈಚಳಕವಿಲ್ಲ.

"ಮೋಸ ಇಲ್ಲ ಅಂದ್ಮೇಲೆ ನಂಗ್ಯಾಕೆ ಬರಬಾರದು?"

ಗೋಡೆಗೆ ಹೇಳಿದ್ದರೆ ಅದಾದರೂ ಸುಮ್ಮನಿರುತ್ತಿತ್ತು. ಉಪಾಯ ಹೊಳೆದಿದೆ. ಅವಳನ್ನೇ ಕ್ಯಾಸಿನೊ ಮಾಡುತ್ತೇನೆ.

ಜನವರಿ ೧೧

ಹಬ್ಬಕ್ಕೆ ತಂದ ಕೆಂಪು ಕಲ್ಲಂಗಡಿ ಬೀಜ. ನನ್ನ ಬಟ್ಟಲಿಗೆ ಇನ್ನೂರು, ಅವಳದಕ್ಕೂ ಇನ್ನೂರು. ದಿನಾ ಸಂಜೆ ಅರವತ್ತು ಆಟ ಬಕಾರಾ. ಪ್ರತಿ ಸಲ ನಾನು ಟೈ ಮೇಲೆ ಒಂದು ಬೀಜ ಇಡುತ್ತೇನೆ. ಸೋತರೆ ಅವಳಿಗೆ, ಟೈ ಬಿದ್ದರೆ ಅವಳು ನನಗೆ ಎಂಟು ಕೊಡಬೇಕು.

ಮೊದಲ ಹತ್ತು ನಿಮಿಷದಲ್ಲೇ ಎರಡು ಟೈ. "ಥೂ, ಇದೆಂಥಾ ವ್ಯಾಪಾರ! ದಿವಾಳಿ ಆಗ್ಬಿಡ್ತೀನಿ!" ಅಂತ ಕಿರುಚಿದಳು. ಆಟ ಮುಗಿದಾಗ ನನ್ನಲ್ಲಿ ೧೯೪.

ಜನವರಿ ೧೫

೧೬೧. ಅವಳ ಕೂಗಾಟ ಕಡಿಮೆಯಾಗಿದೆ.

ಜನವರಿ ೨೦, ಶನಿವಾರ

೧೧೩. ಅವಳ ಬಟ್ಟಲು ತುಂಬಿ ಚೆಲ್ಲಿತು. ಎರಡು ಬಟ್ಟಲನ್ನೂ ಬಹಳ ಹೊತ್ತು ನೋಡಿದಳು.

"ಅ ಸೆಂಗ್, ನಾನೇನೂ ಮಾಡ್ಲೇ ಇಲ್ವಲ್ಲೋ. ಸುಮ್ನೆ ಕೂತಿದ್ದೆ."

ಅದೇ ಕಣೇ ಮುಯಿ, ಅಂದೆ. ಮನೆ ಸುಮ್ಮನೆ ಕೂತಿರುತ್ತದೆ. ಬಂದವನು ತಾನಾಗಿ ಕರಗುತ್ತಾನೆ.

"ನಿನ್ನ ಬಟ್ಟಲು ನೋಡಿದ್ರೆ ಪಾಪ ಅನ್ಸತ್ತೆ."

ಐದು ಸಾವಿರದ ಮಾತು ಇವತ್ತು ಬರಲಿಲ್ಲ. ಗೆದ್ದೆ! ಆಟ ನಿಲ್ಲಿಸೋಣ ಅಂದೆ. ಒಪ್ಪಲಿಲ್ಲ. ಸಂಜೆ ಹೊತ್ತು ನೀನು ಎದುರು ಕೂತಿರ್ತೀಯಲ್ಲ, ಅದೇ ಚೆನ್ನಾಗಿದೆ ಅಂದಳು. ಇಪ್ಪತ್ತೈದು ವರ್ಷದಲ್ಲಿ ಇಂಥ ಮಾತು ಎಷ್ಟು ಸಲ ಆಡಿದ್ದಾಳೆ? ಬರೆದಿಟ್ಟುಕೊಳ್ಳುತ್ತಿದ್ದೇನೆ.

ಜನವರಿ ೨೭

೧೭೩. ಏನೋ ಅದೃಷ್ಟ. ಹೀಗೂ ಆಗುವುದುಂಟು. ಬರೆಯುವಂಥದ್ದೇನಲ್ಲ.

ಫೆಬ್ರವರಿ ೨

೨೦೯. ಶುರುವಿನ ಇನ್ನೂರಕ್ಕಿಂತ ಹೆಚ್ಚಾಯಿತು. ಹೀಗಾಗಬಾರದು. ಕಾಗದದ ಮೇಲೆ ಲೆಕ್ಕ ಹಾಕಿದೆ. ಇಷ್ಟು ಆಟವಾದ ಮೇಲೂ ಲಾಭದಲ್ಲಿರುವುದು ನೂರರಲ್ಲಿ ಎರಡು ಮೂರು ಜನ. ಆ ಎರಡು ಮೂರರಲ್ಲಿ ನಾನೊಬ್ಬ ಯಾಕಾಗಬಾರದು?

ಈ ಪ್ರಶ್ನೆಯನ್ನು ಮೇಜಿನಾಚೆ ಕೂತವರ ಬಾಯಲ್ಲಿ ಸಾವಿರ ಸಲ ಕೇಳಿದ್ದೇನೆ. ಗೊತ್ತು. ಆದರೂ.

ಫೆಬ್ರವರಿ ೭

ಮುಯಿ ಅರ್ಧ ಅಂಗಡಿಗೆ ಮನಸ್ಸು ಮಾಡಿದ್ದಾಳೆ. ಹೊಸ ವರ್ಷದ ಎರಡನೇ ದಿನ ಕ್ಯಾಸಿನೊದಲ್ಲಿ ಒಂದು ಸುತ್ತು ಹಾಕಿ, ನಾನು ನಿಲ್ಲುವಂಥ ಮೇಜು ನೋಡಿ, ಅಲ್ಲಿಂದ ಕ್ವಾನ್ ಆಂಟಿಯ ಮನೆಗೆ. ಶುಭ ದಿನ, ಅಡ್ವಾನ್ಸ್ ಕೊಟ್ಟೇ ಬರೋಣ ಅಂದಳು.

ಅಂದಳು, ಸರಿ. ಆದರೆ ಮಳಿಗೆಯ ಮುಂದೆ ಹಾಯುವಾಗಲೆಲ್ಲ ಇಡೀ ಬೋರ್ಡನ್ನು ಕಣ್ಣಲ್ಲೇ ಅಳೆಯುತ್ತಾಳೆ. ನಾನು ನೋಡಿಯೂ ನೋಡದಂತೆ ನಡೆಯುತ್ತೇನೆ.

೨೩೩.

ಫೆಬ್ರವರಿ ೧೧, ಭಾನುವಾರ. ಹೊಸ ವರ್ಷದ ಎರಡನೇ ದಿನ. ಸಂಜೆ ೬

ಇದ್ದದ್ದು ಇದ್ದಂತೆ ಬರೆಯುತ್ತೇನೆ.

ಬೆಳಿಗ್ಗೆ ಹೊರಡುವಾಗ ಮುಯಿ ನಲವತ್ತು ಸಾವಿರದ ಲಕೋಟೆಯನ್ನು ನನ್ನ ಕೋಟಿನ ಜೇಬಿಗೆ ತುರುಕಿದಳು. "ನೀನೇ ಇಟ್ಕೋ. ಅಲ್ಲಿ ಹೋದ್ಮೇಲೆ ನನ್ನ ಕೈ ಮೇಲೆ ನನಗೆ ನಂಬಿಕೆ ಇಲ್ಲ."

ನಮ್ಮ ಕ್ಯಾಸಿನೊ ಅಲ್ಲ, ಬೇರೆ. ಬಾಗಿಲಿಂದ ಬಾಗಿಲಿಗೆ ಜನ. ಕೆಂಪು ಸ್ವೆಟರಿನ ಅಜ್ಜಿಯೊಬ್ಬಳು ಎಲೆಯನ್ನು ಅಂಚಿಂದ ಮಡಚಿ ಮಡಚಿ, ಅದೃಷ್ಟ ಬರಲಿ ಅಂತ ಊದಿ ಊದಿ ನೋಡುತ್ತಿದ್ದಳು. ಅವಳ ಪಕ್ಕ ಮುಯಿ ಕೂತಳು. ನಾನು ಹಿಂದೆ ನಿಂತೆ. ಅವಳ ಅಡುಗೆಮನೆಯ ಯಜಮಾನ ಹಬ್ಬದ ಕಾಣಿಕೆಯೆಂದು ಕೊಟ್ಟ ಕೆಂಪು ಲಕೋಟೆಯಲ್ಲಿ ಐನೂರಿತ್ತು. ಅದಕ್ಕೊಂದು ಚಿಪ್ ಕೊಂಡು ಟೈ ಮೇಲೆ ಇಟ್ಟಳು. ಬರೀ ಆಸೆ ತೀರಲಿ ಅಂತ.

ಬ್ಯಾಂಕರ್ ಏಳು, ಪ್ಲೇಯರ್ ಆರು.

ಸೋತಿತು. ಎಲೆ ಹಂಚುವ ಡೀಲರ್ ಹುಡುಗಿ ಕೈ ಚಾಚುವ ಮೊದಲೇ ಒಂದು ಕೈ ಮುಯಿಯ ಭುಜದ ಮೇಲಿಂದ ಬಂದು ಆ ಚಿಪ್ಪನ್ನು ಗುಡಿಸಿ ಮನೆಯ ಕಡೆಗೆ ತಳ್ಳಿತು. ಅಚ್ಚುಕಟ್ಟಾಗಿ, ಬೆರಳು ಜೋಡಿಸಿ.

ನನ್ನದೇ ಕೈ!

ಫ್ಲೋರ್ ಮ್ಯಾನೇಜರ್ ಓಡಿ ಬಂದ. ಡೀಲರ್ ಹುಡುಗಿ ಮುಖ ನೋಡಿ ತಿಳಿದುಕೊಂಡಳು. "ಅಂಕಲ್, ನೀವೂ ಡೀಲರ್ರಾ? ಎಷ್ಟು ವರ್ಷ?" ಇಪ್ಪತ್ತೆರಡು ಅಂದೆ. ಮ್ಯಾನೇಜರನೂ ನಕ್ಕುಬಿಟ್ಟ.

ಕೆಂಪು ಸ್ವೆಟರಿನ ಅಜ್ಜಿ ಮಾತ್ರ ಹಣೆ ಚಚ್ಚಿಕೊಂಡಳು. "ಹೊಸ ವರ್ಷ ಪೊರಕೆ ಮುಟ್ಟಿದ್ರೆ ಅದೃಷ್ಟ ಗುಡಿಸಿಹೋಗತ್ತೆ ಅಂತಾರೆ, ಇವನು ಹೆಂಡ್ತಿ ದುಡ್ಡನ್ನೇ ಗುಡಿಸ್ದ!"

ಮುಯಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ನನಗೆ ಮಾತ್ರ ಮೈ ಉರಿಯಿತು. ಅವಳ ಅಂಗಡಿಯನ್ನು ಅರ್ಧ ಮಾಡಿದವನು ನಾನು. ಈಗ ಅವಳ ಐನೂರನ್ನೂ ನಾನೇ ತಳ್ಳಿದೆ. ಹಿಂದಿನ ಆಟಗಳನ್ನು ತೋರಿಸುವ ಎದುರಿನ ಪರದೆಯಲ್ಲಿ ಮೂವತ್ತು ಆಟದಿಂದ ಒಂದೂ ಟೈ ಇಲ್ಲ. ಇನ್ನು ಬರಲೇಬೇಕು… ನಾನು, ನಾನು ಹೀಗೆ ಯೋಚಿಸಿದೆ. ಜೇಬಿಗೆ ಕೈ ಹಾಕಿ ಲಕೋಟೆ ತೆಗೆದೆ.

"ಏನೋ ಮಾಡ್ತಿದೀಯ?"

"ಐದು ಸಾವಿರ. ಒಂದೇ ಸಲ. ನಿನಗೆ ಇಡೀ ಅಂಗಡಿ."

"ಹುಚ್ಚು ಹಿಡೀತಾ? ಇಡಬೇಡ ಅಂತ ಹೇಳಿಕೊಟ್ಟವನೇ ನೀನು!"

"ನನ್ನ ಕೈ ಬೇರೆ, ಮುಯಿ. ಬಟ್ಟಲು ನೋಡಿದೀಯಲ್ಲ, ೨೩೩! ನನಗೆ ಟೈ ಬೀಳತ್ತೆ."

ಅವಳ ನಗು ನಿಂತಿತು. ಎರಡೂ ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದಳು.

"ಅಯ್ಯೋ ಪೆದ್ದ! ನಾನೇ ಕಣೋ. ಟೈ ಬಿದ್ದಾಗೆಲ್ಲ ಎಂಟು ಬೀಜಕ್ಕೆ ಹನ್ನೊಂದು ಕೊಡ್ತಿದ್ದೆ. ಆ ಶನಿವಾರದಿಂದ. ನೀನು ದಿನಾ ಕರಗೋದು ನೋಡೋಕಾಗ್ಲಿಲ್ಲ."

ಎಂಟಕ್ಕೆ ಹನ್ನೊಂದು! ಇಪ್ಪತ್ತೆರಡು ವರ್ಷ ಎದುರು ಕೂತ ಪ್ರತಿಯೊಬ್ಬರ ಬೆರಳು ಕಾದವನು ನಾನು. ಮನೆಯಲ್ಲಿ ಅವಳ ಬೆರಳು ಒಂದು ದಿನವೂ ನೋಡಲಿಲ್ಲ. ನೋಡಬೇಕು ಅಂತ ಅನ್ನಿಸಲೂ ಇಲ್ಲ.

ಲಕೋಟೆ ಜೇಬಿಗೆ ಹೋಯಿತು. ಮುಂದಿನ ಆಟದಲ್ಲಿ ಏನು ಬಂತೋ ನೋಡಲಿಲ್ಲ. ಮುಯಿ ಎದ್ದು ನಿಂತು, ಕೈ ತಟ್ಟಿ, ಎರಡೂ ಅಂಗೈಯನ್ನು ಮೇಲಿನ ಕ್ಯಾಮೆರಾಕ್ಕೆ ತೋರಿಸಿದಳು. ಡೀಲರ್ ಹುಡುಗಿ ಬಾಯಿ ಮುಚ್ಚಿಕೊಂಡು ನಕ್ಕಳು. ಅಲ್ಲಿಂದ ನೇರ ಕ್ವಾನ್ ಆಂಟಿಯ ಮನೆ.

ಫೆಬ್ರವರಿ ೨೬, ಸೋಮವಾರ. ಬೆಳಿಗ್ಗೆ ೬-೩೦

ಅರ್ಧ ಅಂಗಡಿಯ ಮೊದಲ ದಿನ. ಮೂಲೆಯ ಸ್ಟೂಲಿನಲ್ಲಿ ಕೂತು ಬರೆಯುತ್ತಿದ್ದೇನೆ, ಪಾಳಿಗೆ ಇನ್ನೂ ಹೊತ್ತಿದೆ. ಆಗಲೇ ಏಳು ಜನ. ಗಂಜಿಯ ಮೇಲೆ ಮೊಟ್ಟೆಯ ಹೋಳು ಮೂರು ಅಂತ ಬೋರ್ಡಿನಲ್ಲಿ ಬರೆದಿದೆ. ಎಲ್ಲರ ಬಟ್ಟಲಲ್ಲೂ ನಾಲ್ಕಿದೆ. ಎಣಿಸಿದೆ. ಇನ್ನು ಮೇಲೆ ಅವಳ ಬೆರಳು ನೋಡುತ್ತೇನೆ.

"ಹೀಗೆ ಕೊಟ್ರೆ ಮನೆಯ ಪಾಲು ಎಲ್ಲಿ ಉಳಿಯತ್ತೆ?" ಮೆಲ್ಲಗೆ ಕೇಳಿದೆ.

"ಮನೆಯ ಪಾಲು ಮೂಲೇಲಿ ಕೂತು ಬರೀತಾ ಇದೆ. ಬಾಯಿ ಮುಚ್ಕೊಂಡು ತಿನ್ನು."

ತಿಂದೆ. ನನ್ನದರಲ್ಲಿ ಐದಿತ್ತು. ಬಟ್ಟಲು ಖಾಲಿ. ಎದ್ದು, ಅಭ್ಯಾಸ ನೋಡಿ, ಕೈ ತಟ್ಟಿ ಅಂಗೈ ತೋರಿಸಿದೆ, ಏನೂ ಉಳಿದಿಲ್ಲ ಅಂತ. ಅವಳು ಅತ್ತಿತ್ತ ನೋಡಿ, ಸೌಟು ಎತ್ತಿ, ನನ್ನ ಬಟ್ಟಲಿಗೆ ಇನ್ನೊಂದು ಹೋಳು ಹಾಕಿದಳು.